ಅಪ್ಪನ ಜಾವಾ ಮತ್ತು ನಮ್ಮ ಗ್ಯಾರೇಜು

(ಕೂಟದ ಸಂಸ್ಥಾಪನಾ ದಿನೋತ್ಸವದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಇಂಥ ಸಮಾರಂಭಗಳಲ್ಲಿ ಡಾಕ್ಟರೊಬ್ಬನನ್ನು ವೇದಿಕೆಗೆ ಕರೆದರೆ ಕೊಲೆಸ್ಟರಾಲ್, ಸಕ್ಕರೆ ಕಾಯಿಲೆ, ಬೆಳಗಿನ ನಡಿಗೆ ಇವುಗಳ ಬಗ್ಗೆ ಮಾತಾಡುವುದು ವಾಡಿಕೆ. ಕಳೆದ ಎರಡು ಸಲ ನಾನೂ ಅದನ್ನೇ ಮಾಡಿದೆ. ಭಾಷಣ ಮುಗಿದ ಹತ್ತೇ ನಿಮಿಷಕ್ಕೆ ನೀವೆಲ್ಲ ಹೋಳಿಗೆಗೆ ಎಷ್ಟು ತುಪ್ಪ ಹಾಕಿಸಿಕೊಂಡಿರಿ ಎಂಬುದನ್ನು ಕಣ್ಣಾರೆ ನೋಡಿದ್ದೇನೆ. ಆದ್ದರಿಂದ ಈ ಸಲ ಕಾರ್ಯದರ್ಶಿಗಳಿಗೆ, "ನಾನು ನಮ್ಮ ಮನೆಯ ಗ್ಯಾರೇಜಿನಲ್ಲಿರುವ ಹಳೆಯ ಮೋಟಾರ್‌ಸೈಕಲ್ ರಿಪೇರಿಯ ಬಗ್ಗೆ ಮಾತಾಡುತ್ತೇನೆ, ಒಪ್ಪಿದರೆ ಬರುತ್ತೇನೆ" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹದಿನೈದು ನಿಮಿಷಕ್ಕೆ ಮುಗಿಸಬೇಕು" ಅಂದರು. ಒಪ್ಪಿದ್ದೇನೆ.

ನಾವಿರುವುದು ಲಾಸ್ ಆಲ್ಟೋಸ್‌ನಲ್ಲಿ. ಈ ಊರಿನ ಗ್ಯಾರೇಜುಗಳಿಗೆ ಲೋಕಪ್ರಸಿದ್ಧಿ ಇದೆ ಎಂದು ನಿಮಗೆಲ್ಲ ಗೊತ್ತು. ಕ್ರಿಸ್ಟ್ ಡ್ರೈವ್‌ನಲ್ಲಿರುವ ಸ್ಟೀವ್ ಜಾಬ್ಸ್ ಅವರ ತಂದೆತಾಯಿಗಳ ಮನೆಯ ಗ್ಯಾರೇಜಿನಲ್ಲಿ 1976ರಲ್ಲಿ ಆ್ಯಪಲ್ ಕಂಪನಿ ಹುಟ್ಟಿತೆಂದು ಊರಿಗೆ ಬಂದ ನೆಂಟರಿಗೆಲ್ಲ ನಾವು ತೋರಿಸಿಕೊಂಡು ಬರುತ್ತೇವೆ. ಅಲ್ಲಿ ಅಷ್ಟೇನೂ ಕೆಲಸ ನಡೆಯಲಿಲ್ಲ ಎಂದು ಅವರ ಜೊತೆಗಾರ ವೋಜ್ನಿಯಾಕರೇ ಹೇಳಿದ್ದಾರಂತೆ, ಆದರೂ ನೆಂಟರು ಫೋಟೋ ತೆಗೆದುಕೊಳ್ಳುವುದನ್ನು ಬಿಡುವುದಿಲ್ಲ. ಅಲ್ಲಿಂದ ಸ್ವಲ್ಪ ದೂರದಲ್ಲೇ ಇರುವ ನಮ್ಮ ಗ್ಯಾರೇಜಿನಲ್ಲಿ ಹೊಸದೇನೂ ಹುಟ್ಟಿಲ್ಲ. 1970ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಒಂದು ಜಾವಾ 250 ಸಾಯದಂತೆ ನೋಡಿಕೊಳ್ಳುವುದರಲ್ಲೇ ನನ್ನ ಭಾನುವಾರಗಳು ಕಳೆದಿವೆ.

ಮಕ್ಕಳಿಗಾಗಿ ಸ್ವಲ್ಪ ಹಿನ್ನೆಲೆ ಹೇಳಬೇಕು. ಜಾವಾ ಎಂದರೆ ಇಂಡೋನೇಷ್ಯಾದ ದ್ವೀಪವಲ್ಲ, ನಿಮ್ಮ ಅಪ್ಪಂದಿರು ಬರೆಯುವ ಪ್ರೋಗ್ರಾಮೂ ಅಲ್ಲ. ಹಿಂದಿನ ಚೆಕೊಸ್ಲೊವಾಕಿಯಾದಲ್ಲಿ ಯಾನೆಚೆಕ್ ಎಂಬುವರು 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್‌ಸೈಕಲ್ ವಿಭಾಗವನ್ನು ಕೊಂಡರು. ಎರಡು ಹೆಸರುಗಳ ಮೊದಲ ಅಕ್ಷರಗಳು ಸೇರಿ ಜಾವಾ ಆಯಿತು. ಇದನ್ನು ನಮ್ಮ ನಾಡಿಗೆ ತಂದವರು ಇರಾನಿ ಮನೆತನದ ಪಾರ್ಸಿಗಳು. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಯಿತು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರೇ ಅದರ ಉದ್ಘಾಟನೆ ಮಾಡಿದರು. 1973ರ ಹೊತ್ತಿಗೆ ಜಾವಾ ಹೋಗಿ ಯೆಜ್ಡಿ ಎಂಬ ಹೆಸರು ಬಂತು. 1978ರಲ್ಲಿ ರೋಡ್‌ಕಿಂಗ್ ಬಂತು. ಎಂಬತ್ತರ ದಶಕದಲ್ಲಿ ಜಪಾನಿನವರ ಜೊತೆಗಾರಿಕೆಯ 100 ಸಿ.ಸಿ. ಗಾಡಿಗಳು ಬಂದ ಮೇಲೆ, ಪೆಟ್ರೋಲ್ ಕುಡಿಯುವ, ಹೊಗೆ ಬಿಡುವ ನಮ್ಮ ಗಾಡಿಗೆ ಕೇಳುವವರು ಕಡಿಮೆಯಾದರು. 1996ರಲ್ಲಿ ಕಾರ್ಖಾನೆಯೇ ನಿಂತುಹೋಯಿತು. 2018ರಲ್ಲಿ ಬೇರೆಯವರು ಜಾವಾ ಎಂಬ ಹೆಸರಿನಲ್ಲಿ ಹೊಸ ಗಾಡಿ ತಂದರು, 2022ರಲ್ಲಿ ಯೆಜ್ಡಿಯೂ ಬಂತು. ಚೆನ್ನಾಗಿಯೇ ಇವೆ. ಆದರೆ ಅವು ನಾಲ್ಕು ಸ್ಟ್ರೋಕಿನವು, ಆ "ಡುಗು ಡುಗು" ಇಲ್ಲ.

ನಮ್ಮ ತಂದೆ ಸರ್ಕಾರಿ ಪಶುವೈದ್ಯರು. ಹುಣಸೂರು, ಪಿರಿಯಾಪಟ್ಟಣದ ಕಡೆ ಹಳ್ಳಿಗಳಲ್ಲಿ ಅವರ ಸರ್ವೀಸಿನ ಬಹುಪಾಲು ಕಳೆಯಿತು. ಕೆಲಸ ಸಿಕ್ಕ ಹೊಸದರಲ್ಲಿ ಸಾಲ ಮಾಡಿ ಕೊಂಡ ಗಾಡಿ ಇದು. ಹಿಂದಿನ ಸೀಟಿಗೆ ಔಷಧದ ಪೆಟ್ಟಿಗೆ ಬಿಗಿದುಕೊಂಡು, ಹೊಗೆಸೊಪ್ಪಿನ ಹೊಲಗಳ ನಡುವಿನ ಗಾಡಿದಾರಿಯಲ್ಲಿ ಹೋಗಿ ಬರುತ್ತಿದ್ದರು. ಹಸುವಿನ ಎಡಪಕ್ಕೆಗೆ ಕಿವಿಯಿಟ್ಟು ಹೊಟ್ಟೆಯ ಸದ್ದು ಕೇಳುತ್ತಿದ್ದರು. ಭಾನುವಾರ ಅದೇ ಮುಖಭಾವದಲ್ಲಿ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಬೇರಿಂಗಿನ ಸದ್ದು ಕೇಳುತ್ತಿದ್ದರು. "ನನ್ನ ರೋಗಿಗಳಿಗೂ ಇದಕ್ಕೂ ಬಾಯಿ ಬರೋಲ್ಲ. ನಾವೇ ಕೇಳಿಕೋಬೇಕು" ಅನ್ನುತ್ತಿದ್ದರು. ನಾನು ಮೈಸೂರು ಮೆಡಿಕಲ್ ಕಾಲೇಜಿಗೆ ಸೇರಿದಾಗ, "ನಿನ್ನ ಕೆಲಸ ಸುಲಭ ಬಿಡು, ನಿನ್ನ ರೋಗಿಗಳು ಮಾತಾಡ್ತಾರೆ" ಅಂದರು. ಸುಲಭವಲ್ಲ ಅನ್ನುವುದು ಆಮೇಲೆ ಗೊತ್ತಾಯಿತು. ಮಾತಾಡುವ ರೋಗಿಗಳು ಮುಚ್ಚಿಡುವುದನ್ನೂ ಬಲ್ಲರು.

2021ರ ಮೇ ತಿಂಗಳಲ್ಲಿ ಅಪ್ಪ ತೀರಿಕೊಂಡರು. ಹೃದಯದ ಬಲ ಕುಗ್ಗಿದೆ ಎಂದು 2017ರಲ್ಲೇ ಗೊತ್ತಾಗಿತ್ತು, ಮಾತ್ರೆಗಳ ಮೇಲೆ ನಡೆಯುತ್ತಿತ್ತು. ಆ ತಿಂಗಳು ಹೇಗಿತ್ತು ಎಂದು ಇಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ, ನಮ್ಮಲ್ಲಿ ಹಲವರ ಮನೆಯ ಕಥೆ ಅದೇ. ನಾನು ನಮ್ಮ ಅಡಿಗೆಮನೆಯ ಮೇಜಿನ ಮುಂದೆ ಕುಳಿತು, ಫೋನಿನ ಪರದೆಯಲ್ಲಿ ಅಮ್ಮ ಹಿಡಿದು ತೋರಿಸುತ್ತಿದ್ದ ಆಕ್ಸಿಮೀಟರಿನ ಅಂಕಿ ನೋಡುತ್ತಾ, ಹಾಸಿಗೆ ಹುಡುಕಲು ಹಳೆಯ ಸಹಪಾಠಿಗಳಿಗೆ ಫೋನ್ ಮಾಡುತ್ತಾ ಮೂರು ರಾತ್ರಿ ಕಳೆದೆ. ನನ್ನ ಓದು, ರೆಸಿಡೆನ್ಸಿ ಎಲ್ಲ ಆ ಮೂರು ರಾತ್ರಿ ಎಷ್ಟು ಕೆಲಸಕ್ಕೆ ಬಂತು ಅನ್ನುವುದನ್ನು ನಾನೇ ಬಲ್ಲೆ.

ಆ ವರ್ಷದ ಕೊನೆಗೆ ಮೈಸೂರಿಗೆ ಹೋದಾಗ ಗಾಡಿ ವರಾಂಡದಲ್ಲಿ ಟಾರ್ಪಾಲಿನ ಕೆಳಗೆ ನಿಂತಿತ್ತು. ಗುಜರಿಯವನು ಎರಡು ಸಲ ಬಂದು ಹೋಗಿದ್ದನಂತೆ. ಅಮ್ಮ, "ನಿನಗೆ ಬೇಕಾದರೆ ತಗೊಂಡ್ಹೋಗು, ಇಲ್ಲದಿದ್ದರೆ ಯಾರಿಗಾದರೂ ಕೊಡು, ನನಗೆ ದಿನಾ ನೋಡೋಕಾಗಲ್ಲ" ಅಂದರು. ತರುವುದು ಹುಚ್ಚುತನ ಎಂದು ಮನೆಯಲ್ಲಿ ಎಲ್ಲರೂ ಹೇಳಿದರು. ಖರ್ಚಿನ ಲೆಕ್ಕದಲ್ಲಿ ಅದು ಹುಚ್ಚುತನವೇ. ಆದರೆ ಕಾನೂನು ನಾನಂದುಕೊಂಡಷ್ಟು ಕಠಿಣವಾಗಿರಲಿಲ್ಲ. 25 ವರ್ಷ ದಾಟಿದ ವಾಹನಕ್ಕೆ ಅಮೆರಿಕದ ಸುರಕ್ಷತಾ ನಿಯಮಗಳ ತೊಡಕಿಲ್ಲ, ಹೊಗೆಯ ನಿಯಮ ಮೋಟಾರ್‌ಸೈಕಲ್‌ಗಳಿಗೆ ಶುರುವಾದದ್ದೇ 1978ರ ಮಾದರಿಯಿಂದ. ನಿಮ್ಮಲ್ಲಿ ಯಾರಿಗಾದರೂ ಇಂಥ ಆಸೆ ಇದ್ದರೆ ಮೊದಲು ನೋಡಬೇಕಾದ್ದು ಆರ್.ಸಿ. ಪುಸ್ತಕದಲ್ಲಿರುವ ಚಾಸಿಸ್ ನಂಬರೂ ಗಾಡಿಯ ಮೇಲೆ ಕೊರೆದಿರುವ ನಂಬರೂ ಒಂದೇನಾ ಅಂತ. ಅದು ಹೊಂದದಿದ್ದರೆ ಹಡಗಿನ ಮಾತು ಬಿಟ್ಟುಬಿಡಿ.

ಇನ್ನೊಂದು ನಿಯಮವಿದೆ. ಬೇರೆ ದೇಶದ ಮಣ್ಣು ಅಂಟಿಕೊಂಡಿರುವ ವಾಹನವನ್ನು ಇಲ್ಲಿಯ ಬಂದರಿನಲ್ಲಿ ಬಿಡುವುದಿಲ್ಲ. ಮಣ್ಣಿನ ಜೊತೆ ಕೀಟ, ರೋಗ ಬರುತ್ತದೆಂಬ ಭಯ, ಅದು ನ್ಯಾಯವೂ ಹೌದು. ಆದ್ದರಿಂದ ಕ್ರೇಟಿಗೆ ಹಾಕುವ ಮುಂಚೆ ನಾನೂ ಅಪ್ಪನ ಮೇಸ್ತ್ರಿಯೂ ಸೇರಿ ಹಿತ್ತಲಿನಲ್ಲಿ ಗಾಡಿ ತೊಳೆದೆವು. ಮಡ್‌ಗಾರ್ಡಿನ ಒಳಗೆ, ಚೈನ್ ಕವರಿನ ಅಡಿಯಲ್ಲಿ, ಸ್ಟ್ಯಾಂಡಿನ ಸ್ಪ್ರಿಂಗಿನ ಸಂದಿಯಲ್ಲಿ ಗಟ್ಟಿಯಾಗಿ ಕೂತಿದ್ದ ಕೆಂಪು ಮಣ್ಣು ಒಂದು ಬಕೆಟ್ಟಿನಷ್ಟು ಬಂತು. ಹುಣಸೂರಿನದೋ ಪಿರಿಯಾಪಟ್ಟಣದ್ದೋ, ಯಾವ ವರ್ಷದ ಮಳೆಗಾಲದ್ದೋ. ಮೇಸ್ತ್ರಿ ಅದನ್ನು ಸುಮ್ಮನೆ ತೆಂಗಿನಮರದ ಬುಡಕ್ಕೆ ಸುರಿದರು.

2022ರಲ್ಲಿ ಕ್ರೇಟು ಓಕ್ಲೆಂಡಿನಿಂದ ನಮ್ಮ ಮನೆಗೆ ಬಂತು. ಹಳೆಯ ಗಾಡಿಯನ್ನು ಎಬ್ಬಿಸುವುದಕ್ಕೆ ಒಂದು ಕ್ರಮ ಇದೆ. ನಿಂತ ಗಾಡಿಗೆ ನೇರವಾಗಿ ಕಿಕ್ ಹೊಡೆಯಬಾರದು. ಮೊದಲು ಪ್ಲಗ್ ಬಿಚ್ಚಿ, ಆ ತೂತಿನಿಂದ ಎರಡು ಚಮಚ ಎಣ್ಣೆ ಬಿಟ್ಟು, ಒಂದು ದಿನ ನೆನೆಯಲು ಬಿಡಬೇಕು. ಆಮೇಲೆ ಕಿಕ್ಕರನ್ನು ಕೈಯಿಂದ ನಿಧಾನವಾಗಿ ಒತ್ತಿ ಪಿಸ್ಟನ್ ಆಡುತ್ತದೆಯೇ ನೋಡಬೇಕು. ಜಾವಾದಲ್ಲಿ ಗೇರಿನ ಲಿವರೇ ಕಿಕ್ಕರು, ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್ ಆಗುತ್ತದೆ. ಅದನ್ನು ಕಂಡು ಹಿಡಿದವನಿಗೆ ನಮಸ್ಕಾರ. ನಮ್ಮದು ಆಡಿತು.

ಟ್ಯಾಂಕಿನ ಒಳಗೆ ತುಕ್ಕು. ಅದಕ್ಕೆ ವಿನೆಗರ್ ತುಂಬಿ, ಒಂದು ಹಿಡಿ ನಟ್ಟು ಬೋಲ್ಟು ಹಾಕಿ, ಕುಲುಕಿ, ಒಂದು ದಿನ ಇಟ್ಟು ಚೆಲ್ಲಬೇಕು. ಆಮೇಲೆ ಅಡಿಗೆ ಸೋಡಾದ ನೀರಿನಿಂದ ತೊಳೆಯದಿದ್ದರೆ ಹುಳಿ ಉಳಿದು ಮತ್ತೆ ತುಕ್ಕು ಹಿಡಿಯುತ್ತದೆ. ಕೊನೆಗೆ ಒಣಗಿಸಬೇಕು. ಒಣಗಿಸಲು ಬಳಸಿದ ಹೇರ್ ಡ್ರೈಯರ್ ಯಾರದು ಎಂಬ ವಿಷಯ ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಕಾರ್ಬೊರೇಟರ್ ಬಿಚ್ಚಿ ಜೆಟ್‌ಗಳನ್ನು ತೊಳೆದೆ. ಜೆಟ್ಟಿನ ತೂತಿಗೆ ತಂತಿ ಹಾಕಬಾರದು, ತೂತು ದೊಡ್ಡದಾಗುತ್ತದೆ. ಪಾಯಿಂಟನ್ನು ಎಮ್ರಿ ಪೇಪರಿನಿಂದ ಉಜ್ಜಿ ಅಂತರವನ್ನು 0.4 ಮಿ.ಮೀ.ಗೆ ಇಟ್ಟೆ.

ಇಲ್ಲಿ ಡಾಕ್ಟರಾಗಿ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ಕಾರ್ಬೊರೇಟರ್ ತೊಳೆಯಲು ಒಂದು ತಟ್ಟೆಯಲ್ಲಿ ಪೆಟ್ರೋಲ್ ಹಾಕಿಕೊಂಡು ಗ್ಯಾರೇಜಿನ ಕೆಲಸದ ಮೇಜಿನ ಮೇಲೆ ಇಟ್ಟಿದ್ದೆ. ನಾಲ್ಕು ಅಡಿ ಆಚೆ ನೀರು ಕಾಯಿಸುವ ಗ್ಯಾಸ್ ಹೀಟರು, ಅದರೊಳಗೆ ಸದಾ ಉರಿಯುವ ಚಿಕ್ಕ ಜ್ವಾಲೆ. ಮೈಸೂರಿನಲ್ಲಿ ರಸ್ತೆ ಬದಿಯ ಬಯಲಿನಲ್ಲಿ ಈ ಕೆಲಸ ನೋಡಿ ಬೆಳೆದವನಿಗೆ ಅದು ಹೊಳೆಯಲೇ ಇಲ್ಲ. ಮಗಳು ಒಳಗಿನಿಂದ ಬಂದು, "ಅಪ್ಪಾ, ಮನೆಯೆಲ್ಲಾ ಪೆಟ್ರೋಲ್ ಬಂಕ್ ವಾಸನೆ" ಅಂದಾಗ ಹೀಟರಿನ ಕಡೆ ನೋಡಿದೆ. ಕೈಕಾಲು ತಣ್ಣಗಾಯಿತು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿಯುತ್ತದೆ. ಅದಕ್ಕೇ ಇಲ್ಲಿ ಗ್ಯಾರೇಜಿನ ಹೀಟರಿನ ಉರಿಯನ್ನು ನೆಲದಿಂದ 18 ಇಂಚು ಎತ್ತರಕ್ಕೆ ಇಡಿಸುತ್ತಾರೆ. ನಾನು ಆ ತಟ್ಟೆಯನ್ನು ಉರಿಗಿಂತ ಮೇಲೆ ಇಟ್ಟು ಅವರ ಜಾಣತನವನ್ನು ಮಣ್ಣುಪಾಲು ಮಾಡಿದ್ದೆ. ಅಂದಿನಿಂದ ಪೆಟ್ರೋಲಿನ ಕೆಲಸವೆಲ್ಲ ಡ್ರೈವ್‌ವೇಯಲ್ಲಿ.

ಎರಡನೆಯದು, ಗ್ಯಾರೇಜಿನ ಬಾಗಿಲು ಮುಚ್ಚಿಕೊಂಡು ಎಂಜಿನ್ ಸ್ಟಾರ್ಟ್ ಮಾಡಬೇಡಿ, "ಒಂದೇ ನಿಮಿಷ" ಅಂತಲೂ ಬೇಡ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ, ರಕ್ತದ ಹಿಮೋಗ್ಲೋಬಿನ್ನನ್ನು ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ತಲೆನೋವು ಬಂತು, ಸುಸ್ತಾಯಿತು ಅಂದುಕೊಳ್ಳುವಷ್ಟರಲ್ಲಿ ಬಾಗಿಲವರೆಗೆ ನಡೆಯುವ ಶಕ್ತಿ ಹೋಗಿರುತ್ತದೆ. ಹಾಗೆಯೇ ಹಳೆಯ ಬ್ರೇಕ್ ಶೂಗಳಲ್ಲಿ ಆ್ಯಸ್‌ಬೆಸ್ಟಾಸ್ ಇರುತ್ತದೆ. ನಮ್ಮ ಮೇಸ್ತ್ರಿಗಳು ಡ್ರಮ್ ಬಿಚ್ಚಿ ಬಾಯಿಂದ "ಫೂ" ಅಂತ ಊದುವುದನ್ನು ನೋಡಿ ನಾವೂ ಊದುತ್ತೇವೆ. ಊದಬೇಡಿ. ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿಡಿ.

ಇಷ್ಟೆಲ್ಲ ಆದ ಮೇಲೆ ಒಂದು ಶನಿವಾರ ಗಾಡಿ ಏಳನೆಯ ಕಿಕ್ಕಿಗೆ ಎದ್ದಿತು. ಬೀದಿಯೆಲ್ಲ ನೀಲಿ ಹೊಗೆ. ಎದುರುಮನೆಯ ಅಜ್ಜಿ ಹೊರಗೆ ಬಂದು ನೋಡಿ, ಬೈಯುತ್ತಾರೆಂದುಕೊಂಡರೆ, ತಮ್ಮ ಗಂಡನ ಹತ್ತಿರವೂ ಹಿಂದೆ ಇಂಥದೊಂದು ಇತ್ತೆಂದು ಹೇಳಿ ಅಲ್ಲೇ ನಿಂತರು. ಆದರೆ ಗಾಡಿ ಸರಿಯಾಗಿರಲಿಲ್ಲ. ಆ್ಯಕ್ಸಿಲೇಟರ್ ಬಿಟ್ಟರೂ ಎಂಜಿನ್ನಿನ ಓಟ ಇಳಿಯುತ್ತಿರಲಿಲ್ಲ, ಕೂಗಿಕೊಳ್ಳುತ್ತಲೇ ಇರುತ್ತಿತ್ತು. ಪ್ಲಗ್ ಬಿಚ್ಚಿ ನೋಡಿದರೆ ತುದಿ ಸುಣ್ಣದ ಹಾಗೆ ಬಿಳಿ. ಪ್ಲಗ್ ನೋಡುವುದು ನಾಲಿಗೆ ನೋಡಿದ ಹಾಗೆ. ಕಾಫಿಪುಡಿಯ ಕಂದು ಬಣ್ಣ ಇದ್ದರೆ ಆರೋಗ್ಯ. ಕಪ್ಪಗೆ ಒದ್ದೆಯಿದ್ದರೆ ಪೆಟ್ರೋಲೋ ಎಣ್ಣೆಯೋ ಜಾಸ್ತಿ. ಬಿಳಿ ಇದ್ದರೆ ಪೆಟ್ರೋಲಿಗೆ ಹೋಲಿಸಿದರೆ ಗಾಳಿ ಜಾಸ್ತಿ, ಎಂಜಿನ್ ಸುಡುತ್ತಿದೆ. ಗಾಳಿ ಜಾಸ್ತಿ ಎಂದರೆ ಕಾರ್ಬೊರೇಟರ್ ದೋಷ ಎಂದು ನಾನು ತೀರ್ಮಾನಿಸಿದೆ. ಮೂರು ಸಲ ಬಿಚ್ಚಿ ತೊಳೆದೆ. ದೊಡ್ಡ ಜೆಟ್ ತರಿಸಿ ಹಾಕಿದೆ. ಸ್ವಲ್ಪ ಸುಧಾರಿಸಿದಂತೆ ಕಂಡಿತು. ರೋಗಕ್ಕೆ ಬದಲು ಲಕ್ಷಣಕ್ಕೆ ಔಷಧ ಕೊಟ್ಟಾಗ ಯಾವಾಗಲೂ ಸ್ವಲ್ಪ ಸುಧಾರಿಸಿದಂತೆ ಕಾಣುತ್ತದೆ.

ಆ ಧೈರ್ಯದ ಮೇಲೆ ಪೇಜ್ ಮಿಲ್ ರಸ್ತೆ ಹತ್ತಿ ಸ್ಕೈಲೈನ್ ಕಡೆ ಹೊರಟೆ. ಅರ್ಧ ಏರಿನಲ್ಲಿ ಎಂಜಿನ್ನಿನ ಸದ್ದು ಗಟ್ಟಿಯಾಯಿತು, ಹಿಂದಿನ ಚಕ್ರ ಕ್ಷಣಮಾತ್ರ ಹಿಡಿದುಕೊಂಡಿತು. ಕ್ಲಚ್ ಎಳೆದದ್ದು ನನ್ನ ಬುದ್ಧಿಯಲ್ಲ, ಕಾಲೇಜಿನ ದಿನಗಳ ಕೈಯಭ್ಯಾಸ. ಗಾಡಿ ಬದಿಗೆ ಬಂದು ನಿಂತಿತು. ಅಲ್ಯೂಮಿನಿಯಂ ಪಿಸ್ಟನ್ ಬಿಸಿಗೆ ಸಿಲಿಂಡರಿಗಿಂತ ಹೆಚ್ಚು ಹಿಗ್ಗುತ್ತದೆ, ಮಿತಿ ಮೀರಿದರೆ ಕಚ್ಚಿಕೊಳ್ಳುತ್ತದೆ. ಸೀಜ್ ಆಗುವುದೆಂದರೆ ಇದೇ. ತಿರುವಿನಲ್ಲಿ ಹಿಂದೆ ಕಾರು ಬರುತ್ತಿದ್ದರೆ ಈ ಭಾಷಣ ಬೇರೆ ಯಾರಾದರೂ ಮಾಡುತ್ತಿದ್ದರು. ಅರ್ಧ ಗಂಟೆ ಕಾದೆ, ತಣ್ಣಗಾದ ಮೇಲೆ ಪಿಸ್ಟನ್ ಬಿಟ್ಟುಕೊಂಡಿತು. ನ್ಯೂಟ್ರಲ್‌ನಲ್ಲೇ ಇಳಿದು ಬಂದೆ. ಮನೆಯಲ್ಲಿ ಈ ವಿಷಯ ಇಲ್ಲಿಯವರೆಗೆ ಹೇಳಿರಲಿಲ್ಲ, ಮೂರನೇ ಸಾಲಿನಲ್ಲಿ ಕೂತಿರುವವರು ಮನೆಗೆ ಹೋದ ಮೇಲೆ ಮಾತಾಡೋಣ.

ಆ ರಾತ್ರಿಯೇ ಮೈಸೂರಿಗೆ ಮೇಸ್ತ್ರಿಗೆ ವಿಡಿಯೋ ಕರೆ ಮಾಡಿದೆ. ಇಲ್ಲಿ ಶನಿವಾರ ರಾತ್ರಿ ಎಂಟು, ಅಲ್ಲಿ ಭಾನುವಾರ ಬೆಳಗ್ಗೆ ಎಂಟೂವರೆ. ಅವರಿಗೆ ಈಗ ಎಪ್ಪತ್ತು ದಾಟಿದೆ, ಅಂಗಡಿ ಮಗ ನೋಡಿಕೊಳ್ಳುತ್ತಾನೆ. ನಮ್ಮ ತಂದೆ ಅವರಿಗೆ ದೊಡ್ಡ ಡಾಕ್ಟ್ರು, ನಾನು ಚಿಕ್ಕ ಡಾಕ್ಟ್ರು. "ಸೌಂಡ್ ಕೇಳ್ಸಿ ಚಿಕ್ಕ ಡಾಕ್ಟ್ರೇ" ಅಂದರು. ಮರುದಿನ ಗಾಡಿ ಸ್ಟಾರ್ಟ್ ಮಾಡಿ ಫೋನ್ ಹಿಡಿದರೆ ಅವರಿಗೆ ಏನೂ ಕೇಳಿಸಲಿಲ್ಲ. ಮನುಷ್ಯರ ದನಿಯೊಂದನ್ನು ಬಿಟ್ಟು ಉಳಿದ ಸದ್ದನ್ನೆಲ್ಲ ಗಲಾಟೆ ಎಂದು ಅಳಿಸಿಹಾಕುವ ವ್ಯವಸ್ಥೆ ಈಗಿನ ವಿಡಿಯೋ ಕರೆಗಳಲ್ಲಿದೆ. ಅದನ್ನು ತಯಾರು ಮಾಡಿದವರಲ್ಲಿ ಕೆಲವರು ಈ ಸಭೆಯಲ್ಲೇ ಇದ್ದರೂ ಇರಬಹುದು. ಕೊನೆಗೆ ಸದ್ದನ್ನು ರೆಕಾರ್ಡ್ ಮಾಡಿ ಕಳಿಸಿದೆ.

ಅವರು ಅದನ್ನು ಕೇಳಿ ಕಾರ್ಬೊರೇಟರಿನ ಮಾತೇ ಎತ್ತಲಿಲ್ಲ. "ಗಾಡಿ ಎಷ್ಟು ವರ್ಷ ನಿಂತಿತ್ತು?" ಅಂದರು.

"ಅಪ್ಪ ಹೋದಮೇಲೆ, ಒಂದು ವರ್ಷ."

"ಇಲ್ಲ ಸ್ವಾಮಿ. ದೊಡ್ಡ ಡಾಕ್ಟ್ರು ನಮ್ಮ ಅಂಗಡಿಗೆ ಬಂದು ಭಾಳ ವರ್ಷ ಆಗಿತ್ತು. ಅಮ್ಮಾವ್ರನ್ನ ಕೇಳಿ."

ಆಸ್ಪತ್ರೆಯಲ್ಲಿ ನನ್ನ ಕೈಕೆಳಗಿನ ರೆಸಿಡೆಂಟುಗಳಿಗೆ ನಾನು ಹೇಳುವ ಮೊದಲ ಪಾಠ, ಸ್ಕ್ಯಾನ್ ಬರೆಯುವ ಮುಂಚೆ ರೋಗಿಯ ಹಿಂದಿನ ಕಥೆ ಪೂರ್ತಿ ಕೇಳಿ ಎಂಬುದು. ನಾನು ಮೂರು ಸಲ ಕಾರ್ಬೊರೇಟರ್ ಬಿಚ್ಚಿದ್ದೆ, ಒಂದು ಸಲವೂ ಈ ಪ್ರಶ್ನೆ ಕೇಳಿಕೊಂಡಿರಲಿಲ್ಲ. ಅಮ್ಮನಿಗೆ ಫೋನ್ ಮಾಡಿದೆ.

ಅಮ್ಮ ಸ್ವಲ್ಪ ಯೋಚಿಸಿ, "ನಿನ್ನ ಮಗಳ ನಾಮಕರಣಕ್ಕೆ ನೀವೆಲ್ಲ ಬಂದಿದ್ರಲ್ಲ, ಅದೇ ವರ್ಷ ಬಿಟ್ಟಿದ್ದು" ಅಂದರು. ಅಂದರೆ 2013. "ಕಿಕ್ ಹೊಡೆಯೋಕೆ ಆಗ್ತಿರಲಿಲ್ಲ ಕಣೋ ಅವರಿಗೆ. ಎರಡು ಸಲ ಹೊಡೆದರೆ ಏದುಸಿರು ಬರ್ತಿತ್ತು. ಗೇಟು ಹಿಡ್ಕೊಂಡು ನಿಂತ್ಕೋತಿದ್ರು. ನಿನಗೆ ಹೇಳಬೇಡ ಅಂದಿದ್ರು. ಆಮೇಲೆ ಆಟೋಲೇ ಓಡಾಡ್ತಿದ್ದರು."

ಅವರ ಹೃದಯದ ತೊಂದರೆ ಪತ್ತೆಯಾದದ್ದು 2017ರಲ್ಲಿ ಎಂದು ಆಗಲೇ ಹೇಳಿದೆ. ನಾಲ್ಕು ವರ್ಷ. ಆ ನಾಲ್ಕು ವರ್ಷವೂ ಪ್ರತಿ ಭಾನುವಾರ ನಾನು ಫೋನ್ ಮಾಡಿದ್ದೇನೆ. "ಗಾಡಿ ಹೇಗಿದೆಯಪ್ಪಾ?" ಅಂತ ಕೇಳಿದ್ದೇನೆ, ಏಕೆಂದರೆ ಬೇರೆ ಏನು ಮಾತಾಡಬೇಕೋ ನಮ್ಮಿಬ್ಬರಿಗೂ ಅಷ್ಟಾಗಿ ಗೊತ್ತಿರಲಿಲ್ಲ. "ಚೆನ್ನಾಗಿದೆ" ಎಂದು ಅವರು ಪ್ರತಿ ಸಲ ಹೇಳಿದ್ದಾರೆ. ಎಷ್ಟು ಕಿಕ್ಕಿಗೆ ಸ್ಟಾರ್ಟ್ ಆಗುತ್ತೆ, ಕೊನೆಗೆ ಯಾವಾಗ ಎಲ್ಲಿಗೆ ಹೋಗಿದ್ದಿರಿ ಎಂದು ಇನ್ನೊಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತದೆಯೇ ಎಂದು ದಿನಕ್ಕೆ ಇಪ್ಪತ್ತು ಜನ ಅಪರಿಚಿತರನ್ನು ಕೇಳುವವನು ನಾನು. ಬೇಗ ಪತ್ತೆಯಾಗಿದ್ದರೆ ಏನಾಗುತ್ತಿತ್ತು ಎಂದು ನನ್ನ ಹೃದ್ರೋಗತಜ್ಞ ಮಿತ್ರರನ್ನು ಕೇಳಿದೆ. ಅವರು ಒಳ್ಳೆಯವರು, ಉತ್ತರ ಹೇಳಲಿಲ್ಲ.

ಮೇಸ್ತ್ರಿಗೆ 2013 ಎಂದು ತಿಳಿಸಿದೆ. "ಹಾಗಿದ್ದರೆ ಡೈನಮೋ ಕಡೆ ಆಯಿಲ್ ಸೀಲ್ ಹೋಗಿದೆ, ಬಿಚ್ಚಿ" ಅಂದರು. ಇದು ಯಾಕೆ ಎಂದು ಹೇಳಿಬಿಡುತ್ತೇನೆ. ಎರಡು ಸ್ಟ್ರೋಕಿನ ಎಂಜಿನ್ನಿಗೆ ವಾಲ್ವುಗಳಿಲ್ಲ. ಪಿಸ್ಟನ್ ಮೇಲೆ ಹೋಗುವಾಗ ಕೆಳಗಿನ ಕ್ರ್ಯಾಂಕ್ ಕೋಣೆ ಪೆಟ್ರೋಲ್ ಬೆರೆತ ಗಾಳಿಯನ್ನು ಎಳೆದುಕೊಳ್ಳುತ್ತದೆ, ಕೆಳಗೆ ಬರುವಾಗ ಅದನ್ನೇ ಮೇಲಕ್ಕೆ ತಳ್ಳುತ್ತದೆ. ಆ ಕೋಣೆಯೇ ಅದರ ಶ್ವಾಸಕೋಶ. ಕ್ರ್ಯಾಂಕಿನ ಎರಡು ತುದಿ ಹೊರಗೆ ಬರುವಲ್ಲಿ ಗಾಳಿ ನುಸುಳದ ಹಾಗೆ ಒಂದೊಂದು ರಬ್ಬರ್ ಉಂಗುರ ಇರುತ್ತದೆ. ಗಾಡಿ ಓಡುತ್ತಿದ್ದರೆ ಅದು ಎಣ್ಣೆಯಲ್ಲಿ ನೆನೆದು ಮೆತ್ತಗಿರುತ್ತದೆ. ವರ್ಷಗಟ್ಟಲೆ ನಿಂತರೆ ಒಣಗಿ ಕಲ್ಲಾಗುತ್ತದೆ. ಕ್ಲಚ್ಚಿನ ಕಡೆಯ ಸೀಲ್ ಹೋದರೆ ಗೇರ್ ಆಯಿಲ್ ಒಳಗೆ ಸೇದಿಕೊಂಡು ಬಿಳಿ ಹೊಗೆ ಬರುತ್ತದೆ, ಡೈನಮೋ ಕಡೆಯದು ಹೋದರೆ ಹೊರಗಿನ ಬರೀ ಗಾಳಿ ಒಳಗೆ ನುಗ್ಗುತ್ತದೆ. ನಾಲ್ಕು ಸ್ಟ್ರೋಕಿನ ಗಾಡಿಯಲ್ಲಾದರೆ ನೆಲಕ್ಕೆ ನಾಲ್ಕು ಹನಿ ಎಣ್ಣೆ ಬೀಳುತ್ತದೆ, ಅಷ್ಟೇ. ಇಲ್ಲಿ ಉಸಿರೇ ಕೆಡುತ್ತದೆ. ಕಾರ್ಬೊರೇಟರ್ ಪಾಪ ಏನು ಮಾಡೀತು!

ಆ ಸೀಲಿಗೆ ಹೆಚ್ಚೆಂದರೆ ಒಂದು ದೋಸೆಯ ದುಡ್ಡು, ಪಾಲೋ ಆಲ್ಟೋದ ದೋಸೆಯಲ್ಲ, ಮೈಸೂರಿನ ದೋಸೆ. ಊರಿನಿಂದ ಬಂದ ಸ್ನೇಹಿತರೊಬ್ಬರ ಸೂಟ್‌ಕೇಸಿನಲ್ಲಿ, ಹುರಿಗಾಳಿನ ಪೊಟ್ಟಣದ ಜೊತೆ ಬಂತು. ಜೆಕ್ ದೇಶದಲ್ಲಿ ಈಗಲೂ ಈ ಮಾದರಿಗೆ ಬಿಡಿಭಾಗ ಮಾಡುವವರಿದ್ದಾರೆ, ಬೇಕಾದವರು ಅಲ್ಲಿಂದಲೂ ತರಿಸಬಹುದು. ಡೈನಮೋ ಬಿಚ್ಚುವ ದಿನ ಮಗಳು ಫೋನ್ ಹಿಡಿದುಕೊಂಡಿದ್ದಳು. ಶನಿವಾರದ ಕನ್ನಡ ತರಗತಿಯಲ್ಲಿ ಬಾಯಿ ಬಿಡದ ಹುಡುಗಿ, ಮೇಸ್ತ್ರಿ ತಾತನ ಜೊತೆ, "ತಾತಾ, ಇದು ಲೂಸ್ ಮಾಡಬೇಕಾ, ಟೈಟಾ?" ಎಂದು ಕೇಳುತ್ತಿದ್ದಳು. "ಬಲವಂತ ಮಾಡಬ್ಯಾಡ ಮಗಾ, ಬಿಡ್ತದೆ, ಸೀಮೆಎಣ್ಣೆ ಬಿಟ್ಟು ಕಾಯಿ" ಎಂಬ ಉತ್ತರ ಬರುತ್ತಿತ್ತು. ಇಲ್ಲಿ ಸೀಮೆಎಣ್ಣೆ ಎಂದರೇನು ಎಂದು ವಿವರಿಸುವುದೇ ಒಂದು ಪಾಠವಾಯಿತು. ಹಳೆಯ ಸೀಲ್ ಹೊರಗೆ ಬಂದಾಗ ಬೆರಳಿನಲ್ಲಿ ಒತ್ತಿದರೆ ಬಿಸ್ಕತ್ತಿನಂತೆ ಮುರಿಯಿತು. ಹೊಸದನ್ನು ಕೂರಿಸಿ, ಹಳೆಯ ಜೆಟ್ಟನ್ನೇ ಮತ್ತೆ ಹಾಕಿ, ಎಲ್ಲ ಜೋಡಿಸಿ ಹೊಡೆದರೆ ಎರಡನೆಯ ಕಿಕ್ಕಿಗೆ ಎದ್ದಿತು. ಆ್ಯಕ್ಸಿಲೇಟರ್ ಬಿಟ್ಟ ತಕ್ಷಣ ಸದ್ದು ಇಳಿದು ನಿಂತಿತು. ಅದನ್ನು ರೆಕಾರ್ಡ್ ಮಾಡಿ ಕಳಿಸಿದೆ. ಮೇಸ್ತ್ರಿಯಿಂದ ಉತ್ತರ ಬರಲು ಸ್ವಲ್ಪ ಹೊತ್ತಾಯಿತು. "ದೊಡ್ಡ ಡಾಕ್ಟ್ರು ಬಂದು ಅಂಗಡಿ ಮುಂದೆ ನಿಂತಂಗಾಯ್ತು" ಅಂದರು.

ಈಗ ನಿರ್ವಹಣೆಯ ವಿಷಯ. ಒಂದು ಲೀಟರ್ ಪೆಟ್ರೋಲಿಗೆ 40 ಮಿಲಿ ಲೀಟರ್ ಎಣ್ಣೆ, ಅಳೆದೇ ಹಾಕಬೇಕು. ಕೆಮ್ಮಿನ ಔಷಧದ ಜೊತೆ ಕೊಡುವ ಅಳತೆಯ ಬಟ್ಟಲು ಇದಕ್ಕೆ ಬಹಳ ಅನುಕೂಲ. ಕ್ಯಾಲಿಫೋರ್ನಿಯಾದ ಪೆಟ್ರೋಲಿನಲ್ಲಿ ನೂರಕ್ಕೆ ಹತ್ತರಷ್ಟು ಎಥನಾಲ್ ಇರುತ್ತದೆ, ಅದು ಗಾಳಿಯ ತೇವ ಹೀರುತ್ತದೆ, ಹಳೆಯ ರಬ್ಬರನ್ನು ಕೆಡಿಸುತ್ತದೆ. ತಿಂಗಳುಗಟ್ಟಲೆ ಗಾಡಿ ತೆಗೆಯುವುದಿಲ್ಲವೆಂದರೆ ಟ್ಯಾಂಕೂ ಕಾರ್ಬೊರೇಟರೂ ಖಾಲಿ ಮಾಡಿಡಿ. ಭಾರತದಲ್ಲಿ ಈಗ ಅದು ನೂರಕ್ಕೆ ಇಪ್ಪತ್ತಕ್ಕೆ ಏರಿದೆ. ಊರಿನಲ್ಲಿ ತಂದೆಯವರ ಹಳೆಯ ಸ್ಕೂಟರೋ ಬೈಕೋ ಇರುವವರು ಪೆಟ್ರೋಲ್ ಪೈಪುಗಳನ್ನು ಒಮ್ಮೆ ನೋಡಿಸಿ. ಸೈಲೆನ್ಸರಿನ ಒಳಪೈಪನ್ನು ವರ್ಷಕ್ಕೊಮ್ಮೆ ಹೊರಗೆ ತೆಗೆದು ಮಸಿ ಕೆರೆಯಬೇಕು. ಮೈಸೂರಿನಲ್ಲಿ ಅದನ್ನು ಬೆಂಕಿಯಲ್ಲಿ ಸುಡುತ್ತಾರೆ. ಲಾಸ್ ಆಲ್ಟೋಸ್‌ನಲ್ಲಿ ಸುಟ್ಟರೆ ಫೈರ್ ಎಂಜಿನ್ ಬರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ತಿಂಗಳಿಗೆ ಒಂದು ಸಲವಾದರೂ ಅದನ್ನು ಓಡಿಸಬೇಕು. ಒರೆಸಿ ಹೊಳಪು ಮಾಡಿ ನಿಲ್ಲಿಸುವವರ ಗಾಡಿಯ ಸೀಲೇ ಮೊದಲು ಒಣಗುವುದು.

ಇಂಥ ಹೊಗೆಯ ಗಾಡಿಯನ್ನು ಒಬ್ಬ ಡಾಕ್ಟರು ಓಡಿಸುವುದು ಸರಿಯೇ ಎಂದು ಕಳೆದ ಯುಗಾದಿಯಂದು ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಎರಡು ಸ್ಟ್ರೋಕಿನ ಗಾಡಿ ಸುಡದ ಎಣ್ಣೆಯನ್ನು ಗಾಳಿಗೆ ಬಿಡುತ್ತದೆ, ಅದು ಯಾರ ಶ್ವಾಸಕೋಶಕ್ಕೂ ಒಳ್ಳೆಯದಲ್ಲ. ಆದ್ದರಿಂದ ತಿಂಗಳಿಗೊಂದು ಭಾನುವಾರ ಬೆಳಿಗ್ಗೆ, ಫೂಟ್‌ಹಿಲ್ ಎಕ್ಸ್‌ಪ್ರೆಸ್‌ವೇ ಮೇಲೆ ಒಂದು ಸುತ್ತು, ಅಷ್ಟೇ. ಉಳಿದ ದಿನ ನಾನೂ ನಿಮ್ಮ ಹಾಗೆ ಬ್ಯಾಟರಿ ಕಾರಿನವನೇ. ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ಯೆಜ್ಡಿ ದಿನವೆಂದು ಬೆಂಗಳೂರು, ಮೈಸೂರಿನಲ್ಲಿ ನೂರಾರು ಗಾಡಿಗಳು ಒಟ್ಟಿಗೆ ಸೇರುತ್ತವೆ. ಆ ದಿನ ಮಾತ್ರ ನಾನು ಎರಡು ಸುತ್ತು ಹೊಡೆಯುತ್ತೇನೆ.

ಕಾರ್ಯದರ್ಶಿಗಳು ಗಡಿಯಾರ ತೋರಿಸುತ್ತಿದ್ದಾರೆ. ಒಂದೇ ಒಂದು ಕೋರಿಕೆ. ಹೋದ ತಿಂಗಳಿನಿಂದ ಗಾಡಿ ಸ್ಟಾರ್ಟ್ ಮಾಡಿದಾಗ ಬಿಳಿ ಹೊಗೆ ಬರುತ್ತಿದೆ, ಗೇರ್ ಆಯಿಲೂ ಇಳಿಯುತ್ತಿದೆ. ಕ್ಲಚ್ಚಿನ ಕಡೆಯ ಸೀಲ್ ಇನ್ನೂ ಹಳೆಯದೇ. ನಿಮ್ಮಲ್ಲಿ ಯಾರಾದರೂ ಡಿಸೆಂಬರ್ ರಜೆಗೆ ಮೈಸೂರಿಗೆ ಹೋಗುವವರಿದ್ದರೆ ಊಟದ ಸಾಲಿನಲ್ಲಿ ನನ್ನನ್ನು ಹಿಡಿಯಿರಿ. ಎರಡು ಸೀಲು, ಒಂದು ಸೆಟ್ಟು ಕ್ಲಚ್ ಪ್ಲೇಟು. ಮೇಸ್ತ್ರಿಯ ಮಗ ನಿಮ್ಮ ಮನೆಬಾಗಿಲಿಗೇ ತಂದುಕೊಡುತ್ತಾನೆ. ತೂಕ ಏನೂ ಇಲ್ಲ, ಒಂದು ಡಬ್ಬಿ ಉಪ್ಪಿನಕಾಯಿಗಿಂತ ಕಡಿಮೆ, ಮತ್ತು ಸೋರುವುದಿಲ್ಲ.